ಬೆನ್ನಿಲ್ಲದ ಪುಸ್ತಕ ಎಷ್ಟು ದಿನ ನಿಂತೀತು?

ಕಾಮಿಕ್ಸ್ ಓದುವ ಗೆಳೆಯರು ಸೇರಿದರೆ ಈಗ ಒಂದೇ ಚರ್ಚೆ. ತಿಂಗಳು ತಿಂಗಳು ಬಿಡಿ ಸಂಚಿಕೆ ಕೊಳ್ಳಬೇಕೋ, ಐದಾರು ಸಂಚಿಕೆ ಸೇರಿ ಸಂಪುಟ ಆಗುವವರೆಗೆ ಕಾಯಬೇಕೋ, ಇಲ್ಲಾ ಎಲ್ಲವನ್ನೂ ಫೋನಿನಲ್ಲೇ ಓದಿ ಮುಗಿಸಬೇಕೋ? ನಾನಂತೂ ಬಿಡಿ ಸಂಚಿಕೆ ಕೊಳ್ಳುವುದನ್ನು ನಿಲ್ಲಿಸಿ ಒಂದೂವರೆ ವರ್ಷವಾಯಿತು. ಇಷ್ಟವಾದದ್ದನ್ನು ಸಂಪುಟವಾಗಿ ಕೊಳ್ಳುತ್ತೇನೆ, ಉಳಿದದ್ದನ್ನು ಫೋನಿನಲ್ಲಿ ಓದುತ್ತೇನೆ. ಆದರೆ ಇದು ಇಂಗ್ಲಿಷ್ ಕಾಮಿಕ್ಸ್ ಮತ್ತು ಜಪಾನಿನ ಮಾಂಗಾ ಓದುವಾಗಿನ ಲೆಕ್ಕ. ಕನ್ನಡದ ಚಿತ್ರಕಥೆಗೆ ಬಂದರೆ ಈ ಆಯ್ಕೆ ನಮ್ಮ ಕೈಯಲ್ಲಿ ಇಲ್ಲವೇ ಇಲ್ಲ. ಅದರ ಬಗ್ಗೆಯೇ ನಾಲ್ಕು ಮಾತು.

ಮೊದಲು ದುಡ್ಡಿನ ವಿಷಯ. ಡಿಗ್ರಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವನಿಗೆ ಮನೆಯಲ್ಲಿ ಕೈಖರ್ಚಿಗೆ ಕೇಳುವುದೇ ಸಂಕೋಚ. ಅಮೆರಿಕದ ಒಂದು ಬಿಡಿ ಸಂಚಿಕೆಯ ಬೆಲೆ ಸುಮಾರು 4 ಡಾಲರ್. ಜಾಹೀರಾತು ಬಿಟ್ಟರೆ ಕಥೆ ಇರುವುದು ಇಪ್ಪತ್ತು ಚಿಲ್ಲರೆ ಪುಟ. ಅಂಥ ಆರು ಸಂಚಿಕೆಗೆ 24 ಡಾಲರ್ ಆಗುವ ಕಡೆ ಅದೇ ಕಥೆಯ ಸಂಪುಟ 20 ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಸ್ವಲ್ಪ ಕಾದರೆ ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ. ಎರಡನೆಯದು ಜಾಗ. ಮಹಾಲಕ್ಷ್ಮಿ ಲೇಔಟಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಬದಲಿಸುವಾಗ ಮೊದಲು ಹೊರಗೆ ಹೋಗುವುದು ರಟ್ಟಿಲ್ಲದ, ತೆಳ್ಳಗಿನ ಪುಸ್ತಕಗಳು. ನಮ್ಮ ಮನೆಯಲ್ಲೂ ಹಾಗೆಯೇ. ದಪ್ಪ ಪುಸ್ತಕ ಕಂಡರೆ ಅಮ್ಮ ‘ಇದು ಬೇಕೇನೋ?’ ಎಂದು ಕೇಳುತ್ತಾರೆ. ತೆಳ್ಳಗಿನದು ಕಂಡರೆ ಕೇಳುವುದಿಲ್ಲ. ಅದು ಹಳೇ ಪೇಪರಿನ ಜೊತೆ ತಕ್ಕಡಿ ಏರುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಪುಸ್ತಕದ ಬೆನ್ನು. ಸಂಪುಟಕ್ಕೆ ಬೆನ್ನಿದೆ, ಬೆನ್ನಿನ ಮೇಲೆ ಹೆಸರಿದೆ. ಹಾಗಾಗಿ ಅದು ಕಪಾಟಿನಲ್ಲಿ ನಿಲ್ಲುತ್ತದೆ, ಹತ್ತು ವರ್ಷ ಬಿಟ್ಟು ಹುಡುಕಿದರೂ ಕೈಗೆ ಸಿಗುತ್ತದೆ, ಗ್ರಂಥಾಲಯಕ್ಕೂ ಹೋಗುತ್ತದೆ. ಎರಡು ಸ್ಟೇಪಲ್ ಪಿನ್ನಿನ ಮೇಲೆ ನಿಂತ ಬಿಡಿ ಸಂಚಿಕೆಗೆ ಆ ಭಾಗ್ಯವಿಲ್ಲ. ಜಪಾನಿನವರು ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡರು. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಪತ್ರಿಕೆಯನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕುತ್ತಾರೆ. ಜನ ಓದಿ ಎಸೆಯುತ್ತಾರೆ. ಅದರಲ್ಲಿ ಗೆದ್ದ ಕಥೆಗಳ ಅಧ್ಯಾಯಗಳು ಸುಮಾರು 200 ಪುಟದ ಪುಟ್ಟ ಸಂಪುಟಗಳಾಗುತ್ತವೆ. ಜನ ಮನೆಯಲ್ಲಿ ಇಟ್ಟುಕೊಳ್ಳುವುದು ಅವನ್ನು. 1997ರಲ್ಲಿ ಶುರುವಾದ ‘ಒನ್ ಪೀಸ್’ ನೂರು ಸಂಪುಟ ದಾಟಿದೆ. ಇವತ್ತು ಓದಲು ಕೂತ ಹುಡುಗನಿಗೂ ಅದರ ಮೊದಲ ಸಂಪುಟ ಹೊಸದಾಗಿಯೇ ಸಿಗುತ್ತದೆ.

ಇನ್ನು ಫೋನು. ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ ತಲುಪುವುದರೊಳಗೆ ಒಂದು ಅಧ್ಯಾಯ ಮುಗಿಯುತ್ತದೆ. 2019ರಿಂದ ಇರುವ ‘ಮಾಂಗಾ ಪ್ಲಸ್’ ಆ್ಯಪಿನಲ್ಲಿ ಹೊಸ ಅಧ್ಯಾಯಗಳನ್ನು ಪುಕ್ಕಟೆ ಓದಬಹುದು. ಕೊರಿಯಾದ ವೆಬ್‌ಟೂನ್‌ಗಳಂತೂ ಫೋನಿಗೆ ಹೇಳಿ ಮಾಡಿಸಿದಂತಿವೆ, ಬೆರಳಿನಲ್ಲಿ ಮೇಲಕ್ಕೆ ಸರಿಸಿದಂತೆ ಕಥೆ ಇಳಿಯುತ್ತಾ ಹೋಗುತ್ತದೆ. ಖರ್ಚಿಲ್ಲ, ಜಾಗ ಬೇಡ, ಗೆದ್ದಲಿನ ಭಯವಿಲ್ಲ.

ಆದರೆ ಫೋನಿನಲ್ಲಿ ನಾವು ಕೊಂಡದ್ದು ನಮ್ಮದೇ ಎಂದುಕೊಳ್ಳುವ ಹಾಗಿಲ್ಲ. ಡಿಜಿಟಲ್ ಕಾಮಿಕ್ಸ್‌ಗೆ ಜಗತ್ತಿನಲ್ಲೇ ದೊಡ್ಡ ಅಂಗಡಿಯಾಗಿದ್ದ ‘ಕಾಮಿಕ್ಸಾಲಜಿ’ಯನ್ನು ಅಮೆಜಾನ್ 2014ರಲ್ಲಿ ಕೊಂಡಿತು. 2022ರಲ್ಲಿ ಅದರ ಹಳೆಯ ಆ್ಯಪ್ ಹೋಗಿ, ಓದುಗರ ಸಂಗ್ರಹವೆಲ್ಲ ಕಿಂಡಲ್‌ಗೆ ಸೇರಿಕೊಂಡಿತು. ವರ್ಷಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಕಪಾಟನ್ನು ಯಾರೋ ಬಂದು ಬೇರೆ ಕೋಣೆಗೆ ಸಾಗಿಸಿದಂತಾಯಿತು ಎಂದು ಓದುಗರು ಬೇಸರಪಟ್ಟರು. ಅಲ್ಲಿ ನಾವು ದುಡ್ಡು ಕೊಡುವುದು ಓದುವ ಅನುಮತಿಗೆ, ಪುಸ್ತಕಕ್ಕಲ್ಲ. ಗೆಳೆಯನಿಗೆ ಎರವಲು ಕೊಡುವಂತಿಲ್ಲ, ಕೆಲಸ ಸಿಗದ ತಿಂಗಳಲ್ಲಿ ಅರ್ಧ ಬೆಲೆಗೆ ಮಾರುವಂತೆಯೂ ಇಲ್ಲ. ಹಾಗಾಗಿ ನನ್ನ ನಿಯಮ ಸರಳ. ಒಮ್ಮೆ ಓದುವುದಕ್ಕೆ ಫೋನು, ಮತ್ತೆ ಮತ್ತೆ ಓದುವುದಕ್ಕೆ ಸಂಪುಟ.

ಈಗ ಕನ್ನಡಕ್ಕೆ ಬರೋಣ. ‘ಅಮರ ಚಿತ್ರ ಕಥೆ’ ಎಂದರೆ ಎಲ್ಲರಿಗೂ ಮುಂಬೈ ನೆನಪಾಗುತ್ತದೆ. ಅದರ ಸಂಪಾದಕ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಇಂಗ್ಲಿಷ್ ಅಮರ ಚಿತ್ರ ಕಥೆಯ ಪಟ್ಟಿ ಶುರುವಾಗುವುದು 1ರಿಂದ ಅಲ್ಲ, 11ರಿಂದ. ಹನ್ನೊಂದನೆಯದು ‘ಕೃಷ್ಣ’. ಹಾಗಾದರೆ ಮೊದಲ ಹತ್ತು? ಅವು ಬಂದದ್ದು ಕನ್ನಡದಲ್ಲಿ. 60ರ ದಶಕದಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡದ ಮಾತು ತುಂಬಿಕೊಂಡು ಚಿತ್ರಕಥೆಗಳಾಗಿ ಬಂದವು. ಈ ದೇಶದ ಅತಿ ದೊಡ್ಡ ಚಿತ್ರಕಥಾ ಮಾಲೆ ಕಣ್ಣು ಬಿಟ್ಟಿದ್ದು ನಮ್ಮ ಊರಿನಲ್ಲಿ, ನಮ್ಮ ಭಾಷೆಯಲ್ಲಿ.

ಆಮೇಲೆ ಏನಾಯಿತು ನೋಡಿ. ಇಂಗ್ಲಿಷಿನಲ್ಲಿ ಬಂದವು ಮರುಮುದ್ರಣವಾಗುತ್ತಲೇ ಇವೆ. ಐದು ಪುಸ್ತಕ ಸೇರಿಸಿ ಒಂದು ಸಂಪುಟ ಮಾಡಿದ್ದಾರೆ. ಬಿಡಿಬಿಡಿಯಾಗಿ ಬಂದಿದ್ದ ಮಹಾಭಾರತದ 42 ಸಂಚಿಕೆಗಳನ್ನು ಮೂರು ದಪ್ಪ ಸಂಪುಟ ಮಾಡಿದ್ದಾರೆ. ಆ್ಯಪ್ ಕೂಡ ಇದೆ. ಕನ್ನಡದ ಆ ಮೊದಲ ಹತ್ತನ್ನು ಮಾತ್ರ ನಾನು ಇವತ್ತಿನವರೆಗೆ ಕಣ್ಣಾರೆ ಕಂಡಿಲ್ಲ. ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರನ್ನು ಕೇಳಿದ್ದೇನೆ, ಚರ್ಚ್ ಸ್ಟ್ರೀಟ್ ಸುತ್ತಿದ್ದೇನೆ. ‘ಹಂಗೆ ಒಂದು ಇತ್ತಾ?’ ಎಂದು ಅವರೇ ನನ್ನನ್ನು ಕೇಳಿದರು.

ಅವೊಂದೇ ಅಲ್ಲ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಇತ್ತು. ಸುಧಾ ವಾರಪತ್ರಿಕೆಯ ಫ್ಯಾಂಟಮ್‌ಗೆ ಕಾದು ಕೂತಿದ್ದವರು ಈಗ ನಮ್ಮ ಅಪ್ಪಂದಿರ ವಯಸ್ಸಿನವರು. ಬಾಲಮಂಗಳದ ಡಿಂಗನನ್ನು ನಮ್ಮ ಅಕ್ಕ-ಅಣ್ಣಂದಿರು ಇನ್ನೂ ಮರೆತಿಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮ 2013ರ ಹೊತ್ತಿಗೆ ನಿಂತೇ ಹೋಗಿತ್ತು. ಇವನ್ನು ಸಂಪುಟವಾಗಿ ಕೊಡಿ ಎಂದು ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕನ್ನಡ ಕಾದಂಬರಿಗೆ ಹೀಗಾಗಿಲ್ಲ ಎಂಬುದನ್ನು ಗಮನಿಸಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳು ಪುಸ್ತಕವಾದವು, ಗ್ರಂಥಾಲಯ ಸೇರಿದವು, ಈಗಲೂ ಸಿಗುತ್ತವೆ. ಪುಸ್ತಕವಾಗುವ ಮೊದಲೇ ನಮ್ಮ ಅಜ್ಜಿಯಂಥವರು ವಾರವಾರದ ಹಾಳೆ ಕಿತ್ತು, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ ಬೈಂಡ್ ಮಾಡಿಸುತ್ತಿದ್ದರು. ಸಂಪುಟ ಎಂಬುದು ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಅಲ್ಲ, ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ಚಿತ್ರಕಥೆಗೆ ಮಾತ್ರ ಯಾರೂ ಬೆನ್ನು ಹೊಲಿಯಲಿಲ್ಲ, ಅದು ಮಕ್ಕಳದ್ದು, ಓದಿದ ಮೇಲೆ ಹರಿದುಹೋಗುವಂಥದ್ದು ಎಂಬ ಭಾವನೆಯಿಂದ.

ಇದರಿಂದ ನಷ್ಟ ಯಾರಿಗೆ? ನನ್ನ ಅಕ್ಕನ ಮಗಳಿಗೆ ಏಳು ವರ್ಷ. ಅವಳಿಗೆ ಚಿತ್ರ ನೋಡುತ್ತಾ ಓದುವ ಹುಚ್ಚು. ಇಂಗ್ಲಿಷಿನಲ್ಲಿ ಅವಳ ಕಪಾಟು ತುಂಬಿದೆ. ಕನ್ನಡದಲ್ಲಿ ಓದುವುದೆಂದರೆ ಅವಳಿಗೆ ಪಠ್ಯಪುಸ್ತಕ, ಅಂದರೆ ಪರೀಕ್ಷೆ. ಒಂದು ಭಾಷೆಯನ್ನು ಖುಷಿಗಾಗಿ ಓದುವ ಅಭ್ಯಾಸ ಆ ವಯಸ್ಸಿನಲ್ಲಿ ಬರದಿದ್ದರೆ ಆಮೇಲೆ ಬರುವುದು ಕಷ್ಟ. ಚಿತ್ರಕಲೆ ಕಲಿತು, ಅನಿಮೇಷನ್ ಕೋರ್ಸ್ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮ ಗೆಳೆಯರಿಗೂ ಇದು ನಷ್ಟವೇ. ಬೆಂಗಳೂರಿನಲ್ಲಿ ಕೂತು ಹೊರದೇಶದ ಕಂಪನಿಗೆ ಚಿತ್ರ ಬರೆಯುವವರು ಇದ್ದಾರೆ. ಕನ್ನಡದಲ್ಲಿ ನಮಗಿಂತ ಮೊದಲು ಯಾರು ಹೇಗೆ ಬರೆದಿದ್ದರು ಎಂದು ತಿರುಗಿ ನೋಡಲು ಅವರಿಗೆ ಒಂದು ಪುಸ್ತಕವಿಲ್ಲ.

‘ಎಲ್ಲರೂ ಸಂಪುಟಕ್ಕೆ ಕಾದರೆ ಬಿಡಿ ಸಂಚಿಕೆ ಸಾಯುತ್ತದಲ್ಲ, ಆಗ ಸಂಪುಟ ಎಲ್ಲಿಂದ ಬರಬೇಕು?’ ಎಂದು ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ಅವನ ಮಾತಿನಲ್ಲಿ ಸತ್ಯವಿದೆ. ಮೊದಲ ಸಂಚಿಕೆಗಳು ಖರ್ಚಾಗದಿದ್ದರೆ ಪ್ರಕಾಶಕರು ಕಥೆಯನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಹೊಸದಾಗಿ ಬರುವ ಕನ್ನಡದ ಚಿತ್ರಕಥೆ ಯಾವುದೇ ಇರಲಿ, ಅದನ್ನು ಬಿಡಿಯಾಗಿಯೇ, ಬಂದ ದಿನವೇ ಕೊಳ್ಳೋಣ. ದೊಡ್ಡ ಇಂಗ್ಲಿಷ್ ಕಾಮಿಕ್ಸ್‌ಗೆ ನಾವು ಕಾಯಬಹುದು, ಅವು ನಮ್ಮೊಬ್ಬರಿಂದ ಬದುಕುವುದೂ ಇಲ್ಲ, ಸಾಯುವುದೂ ಇಲ್ಲ. ಕನ್ನಡದ ಲೆಕ್ಕ ಹಾಗಲ್ಲ. ಇಲ್ಲಿ ಐವತ್ತು ಪ್ರತಿ ಹೆಚ್ಚು ಖರ್ಚಾದರೂ ಪ್ರಕಾಶಕರಿಗೆ ಗೊತ್ತಾಗುತ್ತದೆ.

ಹಳೆಯದನ್ನು ಉಳಿಸಲು ದಾರಿಗಳಿವೆ. ಪುಸ್ತಕ ವಿತರಣಾ ಕಾಯ್ದೆ 1954ರಿಂದಲೇ ಇದೆ, ಪ್ರಕಾಶಕರು ಪ್ರತಿ ಪುಸ್ತಕವನ್ನೂ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ನಮ್ಮ ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ, 2020ರಿಂದ ಡಿಜಿಟಲ್ ಗ್ರಂಥಾಲಯವನ್ನೂ ನಡೆಸುತ್ತಿದೆ. ಹಕ್ಕು ಇರುವವರ ಒಪ್ಪಿಗೆ ಪಡೆದು ಹಳೆಯ ಚಿತ್ರಕಥೆಗಳನ್ನು ಅದರಲ್ಲಿ ಹಾಕಲಿ. ಸಂಪುಟ ತರುವ ಪ್ರಕಾಶಕರಿದ್ದರೆ ಸಗಟು ಖರೀದಿಯಲ್ಲಿ ಅದಕ್ಕೊಂದು ಜಾಗ ಕೊಡಲಿ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಿಂದ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಪುಕ್ಕಟೆ ಓದಲು ಕೊಡುತ್ತಿದೆ. ಚಿಕ್ಕ ಮಕ್ಕಳ ಕಥೆಗೆ ಆಗಿರುವುದು ದೊಡ್ಡವರ ಚಿತ್ರಕಥೆಗೆ ಯಾಕಾಗಬಾರದು?

ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಈ ಸಲ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ, ಅಜ್ಜಿಯ ಊರಿಗೆ ಹೋದಾಗ, ಅಟ್ಟದ ಮೇಲಿನ ಪೇಪರ್ ಕಟ್ಟನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಬಾಲಮಂಗಳವೋ, ಕನ್ನಡದ ಇಂದ್ರಜಾಲವೋ, ಮುಖಪುಟ ಹರಿದ ಅಮರ ಚಿತ್ರ ಕಥೆಯೋ ಸಿಕ್ಕರೆ ತೆಗೆದಿಡಿ. ನಾಲ್ಕೈದು ಸೇರಿದ ಮೇಲೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸುವ ಅಂಗಡಿಗೇ ಒಯ್ದು ರಟ್ಟು ಹಾಕಿಸಿ, ಬೆನ್ನಿನ ಮೇಲೆ ಕನ್ನಡದಲ್ಲಿ ಹೆಸರು ಬರೆಸಿ. ಕಪಾಟಿನಲ್ಲಿ ಇಂಗ್ಲಿಷ್ ಸಂಪುಟಗಳ ಪಕ್ಕದಲ್ಲೇ ಅದೂ ನಿಲ್ಲಲಿ.