ದುಡಿಯಲು ನಾಗರಿಕರು, ನಿರ್ಧರಿಸಲು ಸರ್ಕಾರ

ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆ 2023ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ನಗರ ಪಾಲಿಕೆಯಲ್ಲಿ ಚುನಾಯಿತ ಸದಸ್ಯರು ಒಬ್ಬರೂ ಇರಲಿಲ್ಲ. ಹಿಂದಿನ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳಿದ್ದರೂ, ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎಂದು ಒಂದರ ಹಿಂದೊಂದು ನೆಪ ಬಂದು, ಐದು ವರ್ಷಕ್ಕೂ ಹೆಚ್ಚು ಕಾಲ ನಗರ ಅಧಿಕಾರಿಗಳ ಕೈಯಲ್ಲೇ ಉಳಿಯಿತು. 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು, ಅಂದರೆ ವಾತಾವರಣಕ್ಕೆ ಬಿಟ್ಟಷ್ಟೇ ಹಸಿರುಮನೆ ಅನಿಲವನ್ನು ಮರಳಿ ಹೀರಿಕೊಳ್ಳುವ ಸ್ಥಿತಿಯನ್ನು, ತಲುಪುವುದಾಗಿ ಸಾರುವ ಆ ದಾಖಲೆ ಜನರ ಸಹಭಾಗಿತ್ವವನ್ನು ಧಾರಾಳವಾಗಿ ಬಯಸುತ್ತದೆ. ಜನಪ್ರತಿನಿಧಿಗಳ ಚರ್ಚೆಗೆ ಮಾತ್ರ ಅದು ಒಮ್ಮೆಯೂ ಒಳಪಡಲಿಲ್ಲ.

ಈ ನಗರದ ನಿವಾಸಿಗಳು ಹವಾಮಾನದ ಹೆಸರಿನಲ್ಲಿ ಮಾಡುತ್ತಿರುವ ಕೆಲಸ ಕಡಿಮೆಯೇನಲ್ಲ. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ನೀಡಿದ ಆದೇಶದ ಪ್ರಕಾರ ಹಸಿ ಕಸಕ್ಕೊಂದು, ನೈರ್ಮಲ್ಯ ತ್ಯಾಜ್ಯಕ್ಕೊಂದು ಡಬ್ಬಿ, ಒಣ ಕಸಕ್ಕೊಂದು ಚೀಲ ಪ್ರತಿ ಮನೆಯಲ್ಲೂ ಇರಬೇಕು. ಹಸಿ ಕಸ ಗುಡ್ಡದಡಿ ಗಾಳಿಯಾಡದೆ ಕೊಳೆತರೆ ಇಂಗಾಲದ ಡೈಆಕ್ಸೈಡಿಗಿಂತ ಅನೇಕ ಪಟ್ಟು ಶಾಖ ಹಿಡಿದಿಡುವ ಮೀಥೇನ್ ಅನಿಲ ಹುಟ್ಟುವುದರಿಂದ ಈ ವಿಂಗಡಣೆ ಹವಾಮಾನದ ಕೆಲಸವೂ ಹೌದು. ಇದನ್ನು ನಗರಕ್ಕೆ ಕಲಿಸಿದ್ದರಲ್ಲಿ ಪಾಲಿಕೆಯ ಜಾಹೀರಾತುಗಳಿಗಿಂತ ಹೆಚ್ಚಿನ ಪಾಲು ನಗರದ ಕಸ ಹೋಗಿ ಬೀಳುತ್ತಿದ್ದ ಮಾವಳ್ಳಿಪುರ ಮತ್ತು ಮಂಡೂರಿನ ಹಳ್ಳಿಗರದು. ಅವರು ಕಸದ ಲಾರಿಗಳನ್ನು ತಡೆದು ನಿಲ್ಲಿಸದಿದ್ದರೆ ಅಲ್ಲಿನ ಕಸ ಸುರಿಯುವ ತಾಣಗಳು 2012ರಲ್ಲಿ, 2014ರಲ್ಲಿ ಮುಚ್ಚುತ್ತಿರಲಿಲ್ಲ, ಊರೊಳಗಿನವರು ತಮ್ಮ ಕಸದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಳೆನೀರು ಸಂಗ್ರಹವೂ 2009ರಿಂದ ಕಡ್ಡಾಯವಾಗಿದ್ದು, ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಕಾವೇರಿಯ ನೀರನ್ನು ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆ ಪಂಪು ಮಾಡಿ ತರುವ ನಗರದಲ್ಲಿ ತಾರಸಿಯ ಮೇಲೆ ಹಿಡಿದ ಪ್ರತಿ ಕೊಡ ನೀರೂ ವಿದ್ಯುತ್ತಿನ ಉಳಿತಾಯವೇ ಆದ್ದರಿಂದ ಆ ದಂಡವನ್ನು ಆಕ್ಷೇಪಿಸಬೇಕಾಗಿಲ್ಲ. ಆಕ್ಷೇಪವಿರುವುದು, ಮನೆಯೊಳಗಿನ ಕರ್ತವ್ಯವನ್ನು ದಂಡ ಹಾಕಿ ಮಾಡಿಸುವ ಸರ್ಕಾರ ಮನೆಯ ಹೊರಗಿನ ನಿರ್ಧಾರಗಳಿಂದ ಅದೇ ನಾಗರಿಕರನ್ನು ದೂರ ಇಟ್ಟಿರುವುದಕ್ಕೆ.

ಕೆರೆಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಿದವು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ, ಹೂಳು ಎತ್ತುವ ಊರವರು, ಮೀನು ಹಿಡಿಯುವವರು, ದನ ಮೇಯಿಸುವವರು ಎಲ್ಲರಿಗೂ ಅಲ್ಲಿ ಕೆಲಸದ ಜೊತೆಗೆ ಹಕ್ಕೂ ಇತ್ತು. ಆ ವ್ಯವಸ್ಥೆ ಕುಸಿದ ಮೇಲೆ ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿ ಮೊದಲಾದ ಕಡೆ ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿ, ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು, ಕಳೆ ಕೀಳುವುದರಿಂದ ಹಿಡಿದು ಕೊಳಚೆ ನೀರಿನ ಕಾವಲಿನವರೆಗೆ ಎಲ್ಲವನ್ನೂ ವರ್ಷಗಟ್ಟಲೆ ನೋಡಿಕೊಂಡರು. ಖಾಸಗಿ ಕಂಪನಿಗಳಿಗೆ ಕೆರೆಗಳನ್ನು ಒಪ್ಪಿಸುವುದನ್ನು ಹೈಕೋರ್ಟ್ 2020ರ ಮಾರ್ಚ್‌ನಲ್ಲಿ ತಡೆದಾಗ, ಕಂಪನಿಗೂ ಬಡಾವಣೆಯ ಟ್ರಸ್ಟಿಗೂ ಇರುವ ವ್ಯತ್ಯಾಸವನ್ನು ನ್ಯಾಯಾಲಯಕ್ಕೆ ಮನದಟ್ಟು ಮಾಡಿಸಬೇಕಾಗಿದ್ದ ಪಾಲಿಕೆ ಆ ಶ್ರಮ ತೆಗೆದುಕೊಳ್ಳದೆ ಟ್ರಸ್ಟುಗಳ ಒಪ್ಪಂದಗಳ ನವೀಕರಣವನ್ನೂ ನಿಲ್ಲಿಸಿತು. ನಿವಾಸಿಗಳ ಕೆಲಸ ಆಮೇಲೂ ಮುಂದುವರಿಯಿತು, ಅದಕ್ಕಿದ್ದ ಕಾನೂನಿನ ಆಧಾರವಷ್ಟೇ ಹೋಯಿತು.

ಇದರ ಮೇಲೆ 2025ರಲ್ಲಿ ವಿಧಾನಮಂಡಲ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿಯೊಂದನ್ನು ಅಂಗೀಕರಿಸಿತು. ಕೆರೆಯಂಚಿನಿಂದ 30 ಮೀಟರ್‌ವರೆಗೆ ನಿರ್ಮಾಣ ಕೂಡದೆಂದು ಕಾಯ್ದಿರಿಸಿದ ಪಟ್ಟಿಯನ್ನು, ಅಂದರೆ ಬಫರ್ ವಲಯವನ್ನು, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವುದು ಅದರ ತಿರುಳು. ಅದರಂತೆ ಸಣ್ಣ ಕೆರೆಗಳಿಗೆ ಉಳಿಯುವುದು ಕೆಲವೇ ಮೀಟರ್. ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಏರಿ ಮನೆ ಬಿಟ್ಟವರಿಗೂ, 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದವರಿಗೂ, ನೀರು ಹರಡಿ ಇಂಗುವ ಜಾಗ ಕುಗ್ಗಿದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ. ಕೆರೆ ಕಾಯುವ ಗುಂಪುಗಳು ಮಸೂದೆಗೆ ಒಪ್ಪಿಗೆ ಕೊಡಬೇಡಿರೆಂದು ರಾಜ್ಯಪಾಲರ ಮೊರೆ ಹೋದದ್ದು ಸಹಜವಾಗಿಯೇ ಇದೆ, ಏಕೆಂದರೆ ಅವರ ಮಾತು ದಾಖಲಾಗಬೇಕಾದ ಕೆಳಗಿನ ಬಾಗಿಲು ಯಾವುದೂ ತೆರೆದಿರಲಿಲ್ಲ.

ಇಂಥ ಗುಂಪುಗಳು ಮಧ್ಯಮ ವರ್ಗದವರ ಬೆಳಗಿನ ವಾಯುವಿಹಾರದ ಸಂಘಗಳೆಂದು ಅಧಿಕಾರಿಗಳು ಮೂದಲಿಸುವುದುಂಟು. ಮಾತಿನಲ್ಲಿ ಹುರುಳಿಲ್ಲದಿಲ್ಲ: ಬೇಲಿ ಹಾಕಿ ನಡೆದಾರಿ ಮಾಡಿದ ಎಷ್ಟೋ ಕೆರೆಗಳಲ್ಲಿ ದನಕ್ಕೆ ಹುಲ್ಲು ಕೊಯ್ಯುವವರಿಗೂ ಬಟ್ಟೆ ಒಗೆಯುವವರಿಗೂ ಜಾಗ ಉಳಿದಿಲ್ಲ. ಆದರೆ ಈ ದೋಷಕ್ಕೆ ಸಂವಿಧಾನವೇ ಪರಿಹಾರ ಹೇಳಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 243-ಎಸ್ ವಿಧಿ ಹೇಳುತ್ತದೆ. ಆ ಸಮಿತಿಗಳಲ್ಲಿ ಪೌರಕಾರ್ಮಿಕರೂ ಕೊಳೆಗೇರಿಯ ನಿವಾಸಿಗಳೂ ಕೂತಿದ್ದರೆ ಟ್ರಸ್ಟುಗಳ ಮೇಲೆ ಈ ಆರೋಪ ಹೊರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ವಾರ್ಡ್ ಸಮಿತಿಗಳಿಗೆ ಜೀವ ತುಂಬದವರೇ ನಿವಾಸಿ ಸಂಘಗಳು ಪ್ರಾತಿನಿಧಿಕವಲ್ಲವೆಂದು ದೂರುವುದು ಜಾಣತನವೇ ಹೊರತು ವಾದವಲ್ಲ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕೊರೆಯಲು ಹೊರಟಿರುವ ಸುರಂಗ ರಸ್ತೆಯ ವಿವಾದಕ್ಕೂ ಮೂಲ ಜನರನ್ನು ಕೇಳದೆ ನಿರ್ಧರಿಸುವ ಈ ರೂಢಿಯೇ. ಸುಮಾರು 17 ಕಿಲೋಮೀಟರಿನ ಈ ಟೋಲ್ ರಸ್ತೆಗೆ ಅಂದಾಜಾದ ವೆಚ್ಚ 17,000 ಕೋಟಿ ರೂಪಾಯಿಗೂ ಹೆಚ್ಚು. 148 ಕಿಲೋಮೀಟರಿನ ಉಪನಗರ ರೈಲು ಜಾಲಕ್ಕೆ 2020ರಲ್ಲಿ ಮಂಜೂರಾದದ್ದು 15,767 ಕೋಟಿ. ಹೊಸ ರಸ್ತೆ ಹೊಸ ವಾಹನಗಳನ್ನು ಕರೆತಂದು ಕೆಲವೇ ವರ್ಷಗಳಲ್ಲಿ ಮತ್ತೆ ತುಂಬಿಹೋಗುವುದನ್ನು ಸಾರಿಗೆ ತಜ್ಞರು ಪ್ರೇರಿತ ಬೇಡಿಕೆ ಎನ್ನುತ್ತಾರೆ. ಕಾರುಗಳಿಗಾಗಿ ಕೊರೆಯುವ ಸುರಂಗ ಆ ಬೇಡಿಕೆಯನ್ನು ನೆಲದಡಿಗೂ ಒಯ್ಯುತ್ತದೆ. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆನ್ನಲಾದ ಬಂಡೆಯಿರುವ ಲಾಲ್‌ಬಾಗಿನ ಅಂಚಿನಲ್ಲಿ ಅದರ ಪ್ರವೇಶದ್ವಾರ ಬರುತ್ತದೆಂದಾಗ ಜನ ಬೀದಿಗಿಳಿದರು. ಅವರನ್ನು ಅಭಿವೃದ್ಧಿ ವಿರೋಧಿಗಳೆನ್ನುವವರು ಒಂದನ್ನು ಮರೆತಿದ್ದಾರೆ: 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿ ಕಟ್ಟಿ 'ಸ್ಟೀಲ್ ಫ್ಲೈಓವರ್ ಬೇಡ' ಎಂದು 800ಕ್ಕೂ ಹೆಚ್ಚು ಮರಗಳನ್ನು ಉಳಿಸಿಕೊಂಡ ಚಳವಳಿಯೇ, ಅದೇ ಉಸಿರಿನಲ್ಲಿ 'ಚುಕು ಬುಕು ಬೇಕು' ಎಂದು ಉಪನಗರ ರೈಲನ್ನೂ ಕೇಳಿತ್ತು. ಬೇಡವಾದದ್ದು 2017ರ ಮಾರ್ಚ್‌ನಲ್ಲಿ ನಿಂತಿತು. ಬೇಕಾದದ್ದರ ಕಾಮಗಾರಿ ಕುಂಟುತ್ತಲೇ ಇದೆ.

ಇದಕ್ಕೆ ವ್ಯತಿರಿಕ್ತವಾಗಿ ಕೇರಳದ ವಯನಾಡಿನ ಮೀನಂಗಾಡಿ ಗ್ರಾಮ ಪಂಚಾಯಿತಿ ಇಂಗಾಲ ಸಮತೋಲನದ ಗುರಿ ಹಾಕಿಕೊಂಡು, ಬೆಳೆಸಿದ ಮರಗಳನ್ನೇ ಅಡವಿಟ್ಟು ರೈತರು ಬಡ್ಡಿಯಿಲ್ಲದ ಸಾಲ ಪಡೆಯುವ ವ್ಯವಸ್ಥೆ ಮಾಡಿದೆ. ಹಳ್ಳಿಯ ಲೆಕ್ಕ ಮಹಾನಗರಕ್ಕೆ ಹೊಂದದಿರಬಹುದು, ಆದರೆ ಅಲ್ಲಿ ಗುರಿ ಹಾಕಿಕೊಂಡದ್ದು ಚುನಾಯಿತ ಸಭೆ. ಬೆಂಗಳೂರಿನಲ್ಲಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ನಗರವನ್ನು ಐದು ಪಾಲಿಕೆಗಳಾಗಿ ಒಡೆದು, ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರವನ್ನು ಕೂರಿಸಿದೆ. ಸುರಂಗದ ಹೊಣೆಯನ್ನು ಯಾವ ಪಾಲಿಕೆಗೂ ಸೇರದ ಸರ್ಕಾರಿ ಕಂಪನಿಗೆ ವಹಿಸಲಾಗಿದೆ. ಹೀಗಿರುವಾಗ ಚುನಾವಣೆಯೊಂದೇ ಸಾಲದು. ಕೆರೆ, ಮರ, ರಸ್ತೆಗೆ ಸಂಬಂಧಿಸಿದ ಯಾವ ದೊಡ್ಡ ಯೋಜನೆಯೂ ಅದು ಹಾದುಹೋಗುವ ವಾರ್ಡುಗಳ ಸಮಿತಿಗಳ ಮುಂದೆ ಬಂದು, ಅವು ಎತ್ತಿದ ಆಕ್ಷೇಪಗಳಿಗೆ ಲಿಖಿತ ಉತ್ತರ ಸಿಗುವವರೆಗೆ ಟೆಂಡರ್ ಕರೆಯುವಂತಿಲ್ಲವೆಂಬ ನಿಯಮ ಕಾಯ್ದೆಯಲ್ಲೇ ಸೇರಬೇಕು, ಮತ್ತು ಆ ನಿಯಮ ಪ್ರಾಧಿಕಾರಕ್ಕೂ ಅದರ ಕಂಪನಿಗಳಿಗೂ ಅನ್ವಯಿಸಬೇಕು.