ವಾಲುವ ಕೋಣೆಗೊಂದು ಪರದೆ

ಮಕ್ಕಳೇ, ಅಕ್ಕಿಆಲೂರಿನ ಮನೆಯ ಕಿಟಕಿಗೆ ಪರದೆ ಹೊಲಿಯುವುದು ಅಜ್ಜಿಗೆ ನೀರು ಕುಡಿದಷ್ಟು ಸಲೀಸು. ಹಾಯಿದೋಣಿಯ ಒಳಕೋಣೆಗೆ ಹೊಲಿ ಎಂದರೆ? 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ‘ತಾರಿಣಿ’ಯನ್ನು ನೆನೆಯಿರಿ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಆ 55 ಅಡಿಯ ಹಾಯಿದೋಣಿಯಲ್ಲಿ ಭೂಮಿ ಸುತ್ತಿ, 254 ದಿನಗಳ ಬಳಿಕ ಮರಳಿದರು. ಹಾಯಿಗೆ ಗಾಳಿ ತುಂಬಿದಾಗ ಇಂಥ ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಸಾಗುತ್ತದೆ. ಆಗ ಮೇಲೆದ್ದ ಬದಿಯಲ್ಲಿ, ಮೇಲ್ತುದಿ ಮಾತ್ರ ಕಟ್ಟಿದ ಪರದೆ ಕಿಟಕಿ ಬಿಟ್ಟು ಕೋಣೆಯೊಳಗೆ ಜೋತಾಡುತ್ತದೆ. ಅದಕ್ಕೇ ಮೇಲೊಂದು, ಕೆಳಗೊಂದು ದಾರ ತೂರುವಂತೆ ಎರಡೂ ಅಂಚು ಮಡಿಚಿ ಹೊಲಿಯಬೇಕು. ಅಜ್ಜನನ್ನು ಕೇಳಿ, ಹಳೆಯ ಅಂಬಾಸಿಡರ್ ಕಾರುಗಳ ಪರದೆಗೂ ಹೀಗೇ ಎರಡು ಸ್ಪ್ರಿಂಗ್ ತಂತಿ ಇರುತ್ತಿದ್ದವು.

ಬಟ್ಟೆ ಯಾವುದು? ನನಗೆ ಹತ್ತಿಯೇ ಇಷ್ಟ, ಆದರೆ ದೋಣಿಯಲ್ಲಿ ಅದು ಸೋಲುತ್ತದೆ. ಸಮುದ್ರದ ನೀರು ತಾಗಿದರೆ ಬಟ್ಟೆಯಲ್ಲಿ ಉಪ್ಪು ಉಳಿದು ಗಾಳಿಯ ತೇವ ಹೀರುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಕೌದಿಯ ವಾಸನೆ ಅಜ್ಜಿಗೆ ಗೊತ್ತಲ್ಲ! ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಹೊಲಿಯುವ ದಾರವೂ ಅದರದ್ದೇ ಇರಲಿ. ಕಬ್ಬಿಣದ ಕೊಂಡಿ ಬೇಡ, ತುಕ್ಕಿನ ಕಲೆ ಬಿಡದು. ಅಳತೆ ಮಾತ್ರ ಮನೆಯ ಲೆಕ್ಕವೇ: ಕಿಟಕಿ 12 ಅಂಗುಲ ಅಗಲವಿದ್ದರೆ ಬಟ್ಟೆ 18 ಅಂಗುಲ.

ಬೂಟಿನ ರಟ್ಟಿನ ಡಬ್ಬಿಗೆ ಕಿಟಕಿ ಕೊರೆದು, ಒಳಬದಿಗೆ ಚಿಂದಿ ಬಟ್ಟೆ ಕಟ್ಟಿ ವಾಲಿಸಿ ನೋಡಿ. ಮೊದಲು ಒಂದೇ ದಾರ, ಆಮೇಲೆ ಎರಡು.