ಯಾವ ಬಂಡೆಯನ್ನು ಏರಬೇಕು?

ಗುಡಗೇರಿಯ ಸುತ್ತಮುತ್ತ ಎರೆಹೊಲ. ಹತ್ತಿ, ಮೆಣಸಿನಕಾಯಿ ಬೆಳೆಯುವ ಕುಂದಗೋಳ ಸೀಮೆಯಲ್ಲಿ ಶಿಲಾರೋಹಣಕ್ಕೆ ತಕ್ಕ ಬಂಡೆಗಳನ್ನು ಹುಡುಕುವುದು ವ್ಯರ್ಥ. ಈ ಹವ್ಯಾಸ ಹತ್ತಿದ ತರುಣನು ಬಾದಾಮಿಯ ಮರಳುಗಲ್ಲಿಗೋ ಹಂಪಿ-ಆನೆಗುಂದಿಯ ಗ್ರಾನೈಟ್ ಗುಂಡುಗಳಿಗೋ ಹೋಗಬೇಕು. ಹೋಗಕೂಡದೆಂದು ಹಿರಿಯರು ಗದರಿಸುತ್ತಾರೆ. ಅವರ ಕೈಯಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಆಧಾರವೂ ಇದೆ: ನಿಷ್ಪ್ರಯೋಜಕವಾಗಿ ಅಲೆಯುವುದು ಪ್ರಮಾದಚರ್ಯೆ, ಅನರ್ಥದಂಡ.

ಮಾತು ಸರಿಯೇ. ಆದರೆ ಅದೇ ಲಕ್ಷಣದಲ್ಲಿ ವೃಥಾ ನೆಲವನ್ನು ಅಗೆಯುವುದೂ ಗಿಡ ಕಡಿಯುವುದೂ ಸೇರಿವೆ. ಅದನ್ನು ಓದದೆ ಬಿಡುವುದೇಕೆ? ಕ್ಷೇತ್ರದ ಬಂಡೆಗೆ ದಾನಿಗಳ ಹೆಸರನ್ನು ಎಣ್ಣೆಬಣ್ಣದಲ್ಲಿ ಬರೆಯಿಸುವ, ಕಂಬಿ ನೆಡಲು ಶಾಸನದ ಪಕ್ಕದಲ್ಲೇ ರಂಧ್ರ ಕೊರೆಯಿಸುವ ಟ್ರಸ್ಟಿಗೆ ತರುಣನ ಕೈಯ ಬಿಳಿ ಪುಡಿಯನ್ನು ಖಂಡಿಸುವ ಅಧಿಕಾರ ಎಲ್ಲಿಂದ ಬಂತು?

ಹಾಗೆಂದು ತರುಣರು ನಿರ್ದೋಷಿಗಳಲ್ಲ. ಸ್ಥಳ ಆರಿಸುವಾಗ ಅವರು ವಿಚಾರಿಸುವುದು ಕಲ್ಲಿನ ಹಿಡಿತ, ಏರಿಕೆಯ ಕಾಠಿಣ್ಯ, ಚಳಿಗಾಲದ ತಂಪು, ವಸತಿಯ ದರ. ಆ ಕಲ್ಲಿನ ಮೇಲೆ ಏನಿದೆ, ಯಾರಿದ್ದಾರೆ ಎಂಬ ಪ್ರಶ್ನೆ ಕೊನೆಗೂ ಬಾರದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ಮುಡಿಪಿದವರ ಹೆಸರುಗಳು ಬರಿಯ ಹಾಸುಬಂಡೆಯ ಮೇಲೆಯೇ ಇವೆ. ಎಷ್ಟೋ ಏಳನೆಯ ಶತಮಾನದವು. ಅರಿಯದವನ ಕಾಲಿಗೆ ಅವು ಬರಿಯ ಗೀರುಗಳು. ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಇಷ್ಟು ದೂರವೇಕೆ? ಪುಲಿಗೆರೆಯ ಆನೆಸೆಜ್ಜೆಯ ಬಸದಿಯನ್ನು ಕುಂಕುಮ ಮಹಾದೇವಿ ಕಟ್ಟಿಸಿದಳೆಂದು ಹೇಳುವುದು 1076ರ ಗುಡಗೇರಿಯ ಶಾಸನವೇ. ಆ ಊರಿನ ಮಗನಿಗೆ ಕಲ್ಲು ಬರಿಯ ಕಲ್ಲೆಂದು ತೋರಿದರೆ ಮನೆಯಲ್ಲಿ ಕಲಿಸಿದವರದೂ ತಪ್ಪು.

ಜೀವಗಳ ಮಾತು ಇನ್ನೂ ಗುರುತರವಾದುದು. ರಾಮನಗರದ ರಾಮದೇವರ ಬೆಟ್ಟ 1975ರ ‘ಶೋಲೆ’ ಚಿತ್ರದಿಂದ ಪ್ರಸಿದ್ಧವಾಯಿತು. ಅದರ ಕಡಿದಾದ ಬಂಡೆಗಳು ಉದ್ದಕೊಕ್ಕಿನ ರಣಹದ್ದಿನ ನೆಲೆಯಾದುದರಿಂದ 2012ರಲ್ಲಿ ರಣಹದ್ದು ಧಾಮವಾಯಿತು. ಆ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗೂಡಿನ ಬಳಿ ಹಗ್ಗ ಇಳಿಬಿಟ್ಟು, ತಾಯಿಹಕ್ಕಿ ಬೆದರಿ ಹಾರಿದರೆ ಆ ವರ್ಷದ ಸಂತಾನವೇ ಹೋದಂತೆ. ಹೆಜ್ಜೇನು ಕಟ್ಟಿದ ಬಂಡೆಯ ಕಥೆಯೂ ಬೇರೆಯಲ್ಲ, ಅಲ್ಲಿ ಏರುವವನ ಪ್ರಾಣಕ್ಕೂ ಅಪಾಯ. ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಸಮಾಧಾನ ಇಲ್ಲಿ ನಡೆಯದು; ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ.

ದಿಗ್ವ್ರತ ಹಿಡಿದ ಶ್ರಾವಕರು ತಾವು ಹೋಗುವ ದಿಕ್ಕಿಗೆ ಮೇರೆ ಹಾಕಿಕೊಳ್ಳುತ್ತಾರೆ. ಪ್ರಯಾಣದ ಹಣ ಕೊಡುವ ತಂದೆ ಆ ಮೇರೆಯನ್ನು ಬಂಡೆಯ ಮೇಲೂ ಎಳೆದು ತೋರಿಸಲಿ: ಶಾಸನ, ಬಸದಿ, ಗೂಡು ಇರುವಲ್ಲಿ ಏರಕೂಡದು, ಮಳೆಯಲ್ಲಿ ನೆನೆದ ಮರಳುಗಲ್ಲು ಬೇಗ ಮುರಿಯುವುದರಿಂದ ಅದನ್ನು ಮುಟ್ಟಕೂಡದು, ಕೆಳಗೆ ಮೆತ್ತೆ ಹಾಸಿ ಏರುವ ಬೌಲ್ಡರಿಂಗ್ ಸಾಧ್ಯವಿರುವಾಗ ಬೋಲ್ಟಿಗಾಗಿ ಕಲ್ಲನ್ನು ಕೊರೆಯಕೂಡದು. ಟ್ರಸ್ಟಿಗಳು ಗದರಿಸುವ ಮೊದಲು ತಮ್ಮ ಬೆಟ್ಟದ ಯಾವ ಬಂಡೆಯಲ್ಲಿ ಶಾಸನವಿದೆಯೆಂದು ಫಲಕ ಹಾಕಿಸಲಿ. ಎಷ್ಟೋ ಕಡೆ ಅದು ಟ್ರಸ್ಟಿಗಳಿಗೇ ತಿಳಿಯದು.